ಅಪ್ಪಯ್ಯನಿಗೊಂದು ಟೇಬಲ್ಲು

ಗುರುವಾರ ರಾತ್ರಿ ಎಂಟರೊಳಗೆ ತೀರ್ಮಾನ ಮಾಡಬೇಕಿತ್ತು. ಪ್ಯಾರಿಸ್ಸಿನ ಪೂರ್ವದ ಕಡೆಯ ಒಂದು ರೆಸ್ಟೋರೆಂಟಿನಲ್ಲಿ ಶನಿವಾರ ರಾತ್ರಿ ಎಂಟಕ್ಕೆ ಇಬ್ಬರಿಗೆ ಟೇಬಲ್ ಬುಕ್ ಮಾಡಿದ್ದೆ. ಆರು ಬಗೆ, ಒಂದಾದ ಮೇಲೊಂದು, ತಲೆಗೆ 85 ಯೂರೋ. ನಲವತ್ತೆಂಟು ಗಂಟೆ ಮೊದಲೇ ಬೇಡ ಅಂದರೆ ಖರ್ಚಿಲ್ಲ. ಆಮೇಲೆ ಅಂದರೆ ತಲೆಗೆ 50 ಯೂರೋ ಕಾರ್ಡಿನಿಂದ ಮುರಿದುಕೊಳ್ಳುತ್ತಾರೆ. ಇದಕ್ಕೆಲ್ಲ ಒಪ್ಪಿ ಟಿಕ್ ಹಾಕಿದ್ದು ಒಂದು ತಿಂಗಳ ಹಿಂದೆ, ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ ನನ್ನ ಅಡುಗೆಮನೆಯಲ್ಲಿ ಕೂತು. ಆಗ ಫಾರ್ಮು ಕೇಳಿತ್ತು: ವಿಶೇಷ ಸಂದರ್ಭವೇ? ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ವ್ಯವಹಾರ, ಇತರೆ. ‘ಇತರೆ’ ಒತ್ತಿದೆ. ವಿವರ ಬರೆಯಿರಿ ಅಂತ ಪುಟ್ಟ ಚೌಕವೊಂದು ತೆರೆದುಕೊಂಡಿತು. ಏನು ಬರೆಯಲಿ? ಖಾಲಿ ಬಿಟ್ಟೆ.

ಬರೆಯುವುದಿದ್ದರೆ ಹೀಗೆ ಬರೆಯಬೇಕಿತ್ತು. ನನ್ನ ಅಪ್ಪಯ್ಯನಿಗೆ ಎಪ್ಪತ್ತಾರು. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಹೋಗಿ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಕ್ಲೀನರ್ ಆದವರು. ಹಗಲು ಎಂಜಲು ತಟ್ಟೆ ಎತ್ತುವುದು, ರಾತ್ರಿ ಹೋಟೆಲ್ ಹುಡುಗರಿಗೆಂದೇ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುವುದು. ಕ್ಲೀನರ್‌ನಿಂದ ಸಪ್ಲೈಯರ್, ಅಲ್ಲಿಂದ ಅಡುಗೆ ಭಟ್ಟರ ಕೈಕೆಳಗೆ, ಕೊನೆಗೆ ಸಾಗರಕ್ಕೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಎಂಟು ಟೇಬಲ್ಲಿನ ಸ್ವಂತ ಹೋಟೆಲು. 1980ರಿಂದ 2011ರವರೆಗೆ, ಮೂವತ್ತೊಂದು ವರ್ಷ ಗಲ್ಲಾದ ಹಿಂದೆ. ಅಷ್ಟು ವರ್ಷದಲ್ಲಿ ಅವರು ತಮ್ಮದೇ ಹೋಟೆಲಿನ ಟೇಬಲ್ಲಿನಲ್ಲಿ ಕೂತು ಒಂದು ದೋಸೆ ತಿಂದದ್ದನ್ನು ನಾನು ನೋಡಿಲ್ಲ. ಬೇರೆ ಹೋಟೆಲಿಗೆ ಹೋದರೂ ಅಷ್ಟೇ. ಮದುವೆಗೋ ಆಸ್ಪತ್ರೆಗೋ ಹೋದ ದಾರಿಯಲ್ಲಿ ಹಸಿವು ನೀಗುವಷ್ಟು ತಿಂದು ಎದ್ದುಬಿಡುವುದು. ಕೂತು, ನಿಧಾನಕ್ಕೆ ಬಡಿಸಿಕೊಂಡವರಲ್ಲ. ಒಂದು ಸಲವಾದರೂ ಬಡಿಸಿಕೊಳ್ಳಲಿ ಅನ್ನುವುದು ನನ್ನ ಆಸೆ.

ಇದು ಹೇಳಿಕೊಳ್ಳಬಹುದಾದ ಕಾರಣ. ಇನ್ನೊಂದಿದೆ.

2018ರಲ್ಲಿ ಅಮ್ಮ ಬಂದಿದ್ದಳು. ಅಪ್ಪಯ್ಯನಿಗೆ ಆಗ ಮೊಣಕಾಲಿನ ಆಪರೇಷನ್ ಆಗಿ ವಿಮಾನ ಹತ್ತುವ ಹಾಗಿರಲಿಲ್ಲ. ಅಕ್ಕ ನೋಡಿಕೊಳ್ಳುತ್ತೇನೆ ಅಂದಿದ್ದರಿಂದ ಅಮ್ಮ ಒಬ್ಬಳೇ ಬಂದಳು. ಅವಳ ಹುಟ್ಟುಹಬ್ಬಕ್ಕೆ ಆಮ್‌ಸ್ಟರ್‌ಡಾಮಿನ ಒಂದು ದೊಡ್ಡ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆದಿದ್ದೆ. ಮೂರನೆಯದಾಗಿ ಸಣ್ಣ ಬಟ್ಟಲಿನಲ್ಲಿ ಸೂಪು ಬಂತು. ಅಮ್ಮ ಒಂದು ಚಮಚ ಕುಡಿದು, ಏನು ಹಾಕಿದ್ದಾರೆ, ರುಚಿ ಉಂಟು ಅಂದಳು. ಎರಡನೇ ಚಮಚ ಎತ್ತುವುದರೊಳಗೆ ವೇಟರ್ ಓಡಿಬಂದು ಬಟ್ಟಲು ಎಳೆದುಕೊಂಡ. ಕ್ಷಮಿಸಿ, ಇದು ಕೋಳಿಯ ಸಾರಿನದ್ದು, ನಿಮ್ಮದು ಬೇರೆ ಇದೆ. ಅಮ್ಮ ಏನೂ ಅನ್ನಲಿಲ್ಲ. ನೀರು ಕುಡಿದಳು, ಮತ್ತೆ ನೀರು ಕುಡಿದಳು. ಆಮೇಲೆ ಬಂದ ನಾಲ್ಕೂ ತಟ್ಟೆಗಳನ್ನು ನೋಡಿ ನಕ್ಕಳು, ಮುಟ್ಟಿ ಬಿಟ್ಟಳು. ಮನೆಗೆ ಬಂದ ಮೇಲೆ, ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ಲೈಟು ಕಂಡು ಹೋಗಿ ನೋಡಿದರೆ, ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು ಆ ಬೆಳಕಿನಲ್ಲೇ ನಿಂತು ಮೊಸರನ್ನ ತಿನ್ನುತ್ತಿದ್ದಳು. “ಹಸಿವಾ ಅಮ್ಮಾ?” ಅಂದೆ. “ಸ್ವಲ್ಪ,” ಅಂದಳು.

ಎರಡು ವರ್ಷದ ನಂತರ ಅಮ್ಮ ಹೋದಳು. ನಾನು ಈ ವಿಷಯವನ್ನು ಅಪ್ಪಯ್ಯನಿಗೆ ಹೇಳಿರಲಿಲ್ಲ. ಅಂದಮೇಲೆ ನಾನು ಶನಿವಾರಕ್ಕೆ ಬುಕ್ ಮಾಡಿದ್ದು ಅಪ್ಪಯ್ಯನ ಊಟವನ್ನೋ, ಅಮ್ಮನಿಗೆ ತಪ್ಪಿಸಿದ ಊಟವನ್ನೋ ಅನ್ನುವುದು ನನಗೇ ಸ್ಪಷ್ಟವಿರಲಿಲ್ಲ.

ರೊಟರ್‌ಡಾಮಿನಿಂದ ಪ್ಯಾರಿಸ್ಸಿಗೆ ರೈಲಿನಲ್ಲಿ ಎರಡೂ ಮುಕ್ಕಾಲು ಗಂಟೆ ದಾರಿ. ಆಂಟ್‌ವರ್ಪ್ ದಾಟುವಾಗ ಅಪ್ಪಯ್ಯ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು. ನಾನು ಫೋನು ತೆಗೆದು ಆ ರೆಸ್ಟೋರೆಂಟಿನ ಬಗ್ಗೆ ಜನ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಅದ್ಭುತ, ಆಪ್ತ ವಾತಾವರಣ, ವೈನ್ ಆಯ್ಕೆ ಚೆನ್ನಾಗಿದೆ, ಪ್ರೇಮಿಗಳಿಗೆ ಹೇಳಿ ಮಾಡಿಸಿದ್ದು. ಯಾರೂ ಸುಳ್ಳು ಬರೆದಿರಲಿಕ್ಕಿಲ್ಲ. ಆದರೆ ಅವರ್‍ಯಾರೂ ಎಪ್ಪತ್ತಾರು ವರ್ಷದ ಸಕ್ಕರೆ ಕಾಯಿಲೆಯ ಸಸ್ಯಾಹಾರಿಯನ್ನು ಕರೆದುಕೊಂಡು ಹೋದವರಲ್ಲ. ಅಪ್ಪಯ್ಯನಿಗೆ ರಾತ್ರಿ ಊಟಕ್ಕೆ ಮುಂಚೆ ಒಂದು ಮಾತ್ರೆ ಇದೆ. ಮಾತ್ರೆ ನುಂಗಿದರೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಬೆವರು, ಕೈನಡುಕ. ಊರಿನಲ್ಲಿ ಏಳೂವರೆಗೆ ಊಟ ಮುಗಿಸುವ ಅಭ್ಯಾಸ. ಇಲ್ಲಿ ಎಂಟಕ್ಕೆ ಕೂತರೆ ಮೊದಲು ಬರುವುದು ಹೆಬ್ಬೆರಳಿನಷ್ಟು ಏನೋ ಒಂದು. ಹೊಟ್ಟೆಗೆ ಹಿಡಿಯುವಂಥದ್ದು ಬರುವಾಗ ಒಂಬತ್ತೂವರೆ ದಾಟಿರುತ್ತದೆ. ಮಾತ್ರೆ ಯಾವಾಗ ಕೊಡುವುದು?

ಇನ್ನೊಂದು, ನಗಬೇಡಿ, ಪಾಯಿಖಾನೆ. ಪ್ಯಾರಿಸ್ಸಿನ ಹಳೇ ಕಟ್ಟಡಗಳ ರೆಸ್ಟೋರೆಂಟುಗಳಲ್ಲಿ ಅದು ಹೆಚ್ಚಾಗಿ ನೆಲಮಾಳಿಗೆಯಲ್ಲಿರುತ್ತದೆ. ಬಾವಿಗಿಳಿದ ಹಾಗೆ ಸುತ್ತುವ ಕಿರಿದಾದ ಮೆಟ್ಟಿಲು. ಮೆಟ್ರೋದ್ದೂ ಅದೇ ಕತೆ, ಬಹಳಷ್ಟು ಸ್ಟೇಷನ್ನುಗಳಲ್ಲಿ ಲಿಫ್ಟೇ ಇಲ್ಲ. ರಿಪೇರಿ ಮಾಡಿದ ಮೊಣಕಾಲಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಈ ಮೆಟ್ಟಿಲುಗಳೆಲ್ಲ ಬೇಕಾ? ಐದರಲ್ಲಿ 4.7 ಅನ್ನುವ ಅಂಕದೊಳಗೆ ಈ ಯಾವ ಮೆಟ್ಟಿಲೂ ಇರುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಗಾರ್ ದು ನಾರ್ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲೇ ಹಿಂದೆ ಲಾ ಶಪೆಲ್ ಅನ್ನುವ ಜಾಗ, ಶ್ರೀಲಂಕಾದ ತಮಿಳರು ಕಟ್ಟಿಕೊಂಡ ಊರಿನೊಳಗಿನ ಊರು. ಕರಿಬೇವು, ನುಗ್ಗೆಕಾಯಿ, ಸೀರೆ ಅಂಗಡಿ, ಎರಡು ಬೀದಿ ಆಚೆ ಗಣಪತಿ ದೇವಸ್ಥಾನ. ಅಪ್ಪಯ್ಯನಿಗೆ ಖುಷಿಯಾಗುತ್ತದೆ ಅಂದುಕೊಂಡು ದೋಸೆ ಸಿಗುವ ಕಡೆ ಕರೆದುಕೊಂಡು ಹೋದೆ. ಅವರು ದೋಸೆಯ ಅಂಚು ಮುರಿದು ಬೆಳಕಿಗೆ ಹಿಡಿದು ನೋಡಿದರು. ಹಿಟ್ಟು ಹುಳಿ ಬಂದದ್ದು ಸಾಲದು, ಇಲ್ಲಿಯ ಚಳಿಗೆ ಪಾಪ ಅವರಾದರೂ ಏನು ಮಾಡಿಯಾರು ಅಂದರು. ತಿಂದು ಮುಗಿಸಿ ಕೈ ತೊಳೆದು ಬಂದು, “ಮಗಾ, ದೋಸೆ ತಿನ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?” ಅಂತ ಕೇಳಿದರು.

ಆ ಪ್ರಶ್ನೆ ನನ್ನ ಅರ್ಧ ಲೆಕ್ಕವನ್ನು ತಲೆಕೆಳಗು ಮಾಡಿತು. ದೊಡ್ಡ ಊಟ ಬೇಡವೆಂದರೆ ದೋಸೆ ಇದ್ದೇ ಇದೆ, ವಯಸ್ಸಾದವರಿಗೆ ಪರಿಚಿತ ರುಚಿಯೇ ಸುಖ ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಪ್ಪಯ್ಯ ಬಂದಿದ್ದು ನೋಡಲಿಕ್ಕೆ. ಬೇರೆಯವರು ಹೋಟೆಲು ಹೇಗೆ ನಡೆಸುತ್ತಾರೆ ಅಂತ ನೋಡುವ ಅವಕಾಶ ಇನ್ನೊಮ್ಮೆ ಎಲ್ಲಿ ಸಿಗಬೇಕು ಅವರಿಗೆ?

“ಶನಿವಾರಕ್ಕೆ ಒಂದು ಜಾಗ ನೋಡಿದ್ದೇನೆ ಅಪ್ಪಯ್ಯ. ನಿಮಗೆ ಆಗುತ್ತೋ ಇಲ್ವೋ ಅಂತ ಅನುಮಾನ,” ಅಂದೆ.

“ಹಾಗಾದ್ರೆ ಮೊದ್ಲು ನೋಡಿ ಬರುವ,” ಅಂದರು, ಹೆಣ್ಣು ನೋಡಲಿಕ್ಕೆ ಹೊರಟವರ ಹಾಗೆ.

ಸಂಜೆ ಐದೂವರೆಗೆ ಫೆದೆರ್ಬ್ ಶಲಿನ್ಯಿ ಮೆಟ್ರೋ ಹತ್ತಿರ ಟ್ಯಾಕ್ಸಿ ಇಳಿದು ನಡೆದೆವು. ಹಿಂದೊಮ್ಮೆ ಬಡಗಿಗಳ, ಪೀಠೋಪಕರಣ ಮಾಡುವವರ ಕೇರಿ ಇದು. ಈಗ ಅವರ ಗೂಡಂಗಡಿಗಳ ಜಾಗದಲ್ಲಿ ವೈನ್ ಅಂಗಡಿ, ಬೇಕರಿ, ಮತ್ತು ಈ ತರಹದ ರೆಸ್ಟೋರೆಂಟುಗಳು. ನಮ್ಮದು ಬೀದಿಯ ಮೂಲೆಯಲ್ಲಿತ್ತು. ಹೊರಗಿನಿಂದ ನೋಡಿದರೆ ಇಷ್ಟು ದುಡ್ಡು ಕೇಳುವ ಜಾಗ ಅನ್ನಿಸುವುದಿಲ್ಲ. ಮರದ ಬಾಗಿಲು, ಬಿಳಿ ಪರದೆ, ಒಳಗೆ ಹೆಚ್ಚೆಂದರೆ ಇಪ್ಪತ್ತೆಂಟು ಕುರ್ಚಿ. ಬಾಗಿಲ ಪಕ್ಕ ಗಾಜಿನ ಚೌಕಟ್ಟಿನಲ್ಲಿ ಮೆನು, ಬೆಲೆಯ ಸಮೇತ. ಫ್ರಾನ್ಸಿನಲ್ಲಿ ಅದು ಕಾನೂನು, ಒಳಗೆ ಕಾಲಿಡುವ ಮೊದಲೇ ಗಿರಾಕಿಗೆ ಬೆಲೆ ಗೊತ್ತಾಗಬೇಕು. ಇದು ನನಗೆ ಹೊಳೆದಿರಲಿಲ್ಲ. ಬೆಲೆಯ ಬಗ್ಗೆ ಒಂದು ಸುಳ್ಳನ್ನು ನಾನು ರೈಲಿನಲ್ಲೇ ತಯಾರಿಟ್ಟುಕೊಂಡಿದ್ದೆ. ಅಪ್ಪಯ್ಯನಿಗೆ ಫ್ರೆಂಚ್ ಬರುವುದಿಲ್ಲ, ಆದರೆ ಅಂಕಿ ಬರುತ್ತದೆ. ಕನ್ನಡಕ ಏರಿಸಿ 85ರ ಮೇಲೆ ಬೆರಳಿಟ್ಟರು. ತೊಂಬತ್ತರಿಂದ ಗುಣಿಸಿದರು. ಬೈಯುತ್ತಾರೆ ಅಂತ ಕಾದೆ.

“ಬಾಡಿಗೆ ಎಷ್ಟು ಇದಕ್ಕೆ?” ಅಂದರು.

ಗೊತ್ತಿರಲಿಲ್ಲ. ಆದರೆ ಓದಿದ್ದನ್ನು ಹೇಳಿದೆ. 1992ರಲ್ಲಿ ಈವ್ ಕಾಮ್‌ದ್‌ಬೋರ್ದ್ ಅನ್ನುವ ಅಡುಗೆಯವನು, ಕ್ರಿಯೋನ್ ಅನ್ನುವ ಅರಮನೆಯಂಥ ಹೋಟೆಲಿನ ಅಡುಗೆಮನೆಯಲ್ಲಿ ದುಡಿದವನು, ಊರಿನ ದಕ್ಷಿಣದ ಅಂಚಿಗೆ ಹೋಗಿ ಸಣ್ಣದೊಂದು ರೆಸ್ಟೋರೆಂಟ್ ತೆರೆದ. ದೊಡ್ಡ ಅಡುಗೆಮನೆಯ ಕೈ, ಸಣ್ಣ ಜಾಗದ ಖರ್ಚು. ಜರತಾರಿ ಪರದೆ ಇಲ್ಲ, ಕೈಗವಸಿನ ಮಾಣಿಗಳಿಲ್ಲ. ಅವನ ಹಾದಿಯಲ್ಲಿ ಎಷ್ಟೋ ಜನ ವಾಸದ ಬೀದಿಗಳಿಗೆ ಹೋದರು. ಬರಬರುತ್ತ ಆ ಬೀದಿಗಳೂ ದುಬಾರಿಯಾದವು, ಊಟವೂ ದುಬಾರಿಯಾಯಿತು. ಕೇರಿಯ ಹೋಟೆಲು ಅನ್ನುವ ಹೆಸರು ಮಾತ್ರ ಉಳಿಯಿತು.

“ಐಟಂ ಕಮ್ಮಿ ಇಟ್ಟಿದ್ದಾನೆ, ಒಳ್ಳೇದು,” ಅಂದರು ಅಪ್ಪಯ್ಯ, ಮೆನುವಿನ ಸಾಲುಗಳನ್ನು ಎಣಿಸಿ. “ಸಾಮಾನು ಉಳಿಯೂದಿಲ್ಲ. ನೂರು ಐಟಂ ಬರೆದವನ ಅಡುಗೆಮನೆಯಲ್ಲಿ ನಿನ್ನೆಯದ್ದು ಇದ್ದೇ ಇರ್ತದೆ.”

ಪರದೆಯ ಸಂದಿಯಲ್ಲಿ ಒಳಗೆ ಕಾಣುತ್ತಿತ್ತು. ಎರಡು ಟೇಬಲ್ ಜೋಡಿಸಿಕೊಂಡು ಆರೇಳು ಜನ ಊಟಕ್ಕೆ ಕೂತಿದ್ದರು. ಗಿರಾಕಿಗಳಲ್ಲ, ಕೆಲಸದವರು. ಇಲ್ಲಿ ಸಂಜೆಯ ಬಾಗಿಲು ತೆರೆಯುವ ಮೊದಲು ಎಲ್ಲರೂ ಒಟ್ಟಿಗೆ ಉಣ್ಣುವ ಪದ್ಧತಿ. ಮಧ್ಯೆ ಒಂದು ದೊಡ್ಡ ಪಾತ್ರೆ, ಬ್ರೆಡ್ಡು, ಸೊಪ್ಪಿನ ರಾಶಿ. ಏಪ್ರನ್ ಹಾಕಿದ ಕಪ್ಪು ಹುಡುಗನೊಬ್ಬ ಪಾತ್ರೆಯನ್ನು ಪಕ್ಕದ ಹೆಂಗಸಿನ ಕಡೆ ದೂಡಿದ. ಅವಳು ನಗುತ್ತ ಏನೋ ಹೇಳಿದಳು. ಅಪ್ಪಯ್ಯ ಗಾಜಿಗೆ ಹಣೆ ತಾಗಿಸುವಷ್ಟು ಹತ್ತಿರ ಹೋಗಿ ನೋಡುತ್ತಲೇ ನಿಂತರು. ನನಗೆ ಮುಜುಗರ. ತೋಳು ಹಿಡಿದು ಎಳೆದೆ, ಬರಲಿಲ್ಲ.

“ಇದ್ರಲ್ಲಿ ಮಾಲೀಕ ಯಾರು ಹೇಳು?”

ನೋಡಿದೆ. ಗೊತ್ತಾಗಲಿಲ್ಲ.

“ಗೊತ್ತಾಗೂದಿಲ್ಲ ಅಲ್ವಾ,” ಅಂದರು. ಮಾಟುಂಗದಲ್ಲಿ ಹುಡುಗರ ಊಟ ರಾತ್ರಿ ಹನ್ನೊಂದರ ಮೇಲೆ, ಅಡುಗೆಮನೆ ಹಿಂದೆ ಅಕ್ಕಿಮೂಟೆಯ ಮೇಲೆ ಕೂತು, ಸಾಂಬಾರಿನ ತಳ. ತಮ್ಮ ಹೋಟೆಲಿನಲ್ಲಿ ಅದನ್ನು ಮಧ್ಯಾಹ್ನ ಮೂರೂವರೆಗೆ ತಂದಿದ್ದರು, ಬಿಸಿ ಅನ್ನ ಬೇರೆಯೇ ಮಾಡಿಸುತ್ತಿದ್ದರು. ಆದರೆ ಗಿರಾಕಿಯ ಟೇಬಲ್ಲಿನಲ್ಲಿ ಕೂರಿಸಿರಲಿಲ್ಲ. “ಅಷ್ಟು ಹೊಳೀಲಿಲ್ಲ ನಂಗೆ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಇಲ್ಲಿ ಊಟ ಮಾಡ್ಬಹುದು” ಅಂದರು.

ಆ ಹೊತ್ತಿಗೆ ಸಿಗರೇಟು ಸೇದಲು ಹುಡುಗಿಯೊಬ್ಬಳು ಹೊರಗೆ ಬಂದಳು. ನನ್ನ ಅರೆಬರೆ ಫ್ರೆಂಚಿನಲ್ಲಿ ಎಲ್ಲ ಕೇಳಿದೆ, ಅರ್ಧಕ್ಕೆ ಅವಳೇ ಇಂಗ್ಲಿಷಿಗೆ ತಿರುಗಿದಳು. ಶನಿವಾರ ಮಧ್ಯಾಹ್ನವೂ ತೆರೆದಿರುತ್ತದೆ. ಮಧ್ಯಾಹ್ನ ಮೂರೇ ಬಗೆ, 34 ಯೂರೋ, ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಮಾಂಸ ಅಥವಾ ಮೀನು ಅಂತ ಬರೆದಿದ್ದರೂ ಎರಡು ದಿನ ಮೊದಲು ಹೇಳಿದರೆ ತರಕಾರಿಯದ್ದು ಮಾಡಿಕೊಡುತ್ತಾರೆ. ಪಾಯಿಖಾನೆ? ಕೆಳಗೆ, ಅಂದಳು. ನಾನು ಅಪ್ಪಯ್ಯನ ಮೊಣಕಾಲು ತೋರಿಸಿದೆ. ಅವಳು ಸಿಗರೇಟು ಹಿಡಿದ ಕೈಯಿಂದಲೇ ಒಳಗೆ ಹಿಂಭಾಗ ತೋರಿಸಿ, ಕೆಲಸದವರದ್ದು ಒಂದಿದೆ, ಪರವಾಗಿಲ್ಲ ಅಂದಳು.

ತರಕಾರಿ ಅಂದರೆ ಏನು ಅನ್ನುವುದನ್ನು ಈ ಸಲ ಬಿಡಿಸಿ ಬಿಡಿಸಿ ಹೇಳಿದೆ. ಮೀನು ಬೇಡ, ಮೊಟ್ಟೆ ಬೇಡ. ಕೋಳಿಯದ್ದಾಗಲಿ ದನದ್ದಾಗಲಿ ಮೂಳೆ ಕುದಿಸಿದ ನೀರು ಸಾಸಿನಲ್ಲೂ ಬೇಡ. ಜೆಲಟಿನ್ ಬೇಡ. ಪಾರ್ಮೆಜಾನ್ ಮತ್ತು ಕೋಂತೆ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಒಡೆಸುತ್ತಾರೆ, ಆದ್ದರಿಂದ ಚೀಸೇ ಬೇಡ. ಬೆಣ್ಣೆ, ಕೆನೆ ಆಗಬಹುದು. ಅವಳು ಒಳಗೆ ಹೋಗಿ ಪುಸ್ತಕ ತಂದು ಒಂದೊಂದನ್ನೂ ಬರೆದುಕೊಂಡು ತಿರುಗಿ ಓದಿ ಹೇಳಿದಳು. ರಾತ್ರಿಯ ಬುಕ್ಕಿಂಗ್ ತೆಗೆದು ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಹಾಕಿದಳು. ಇನ್ನೂ ಆರೂಕಾಲು ಗಂಟೆ. ನಾನು ಒಂದು ತಿಂಗಳಿಂದ ಪರದೆಯ ಮೇಲೆ ಹುಡುಕುತ್ತಿದ್ದ ಉತ್ತರಗಳೆಲ್ಲ ಬಾಗಿಲ ಹೊರಗೆ ಹತ್ತು ನಿಮಿಷದಲ್ಲಿ ಸಿಕ್ಕವು.

ಆರು ಬಗೆಯ ರಾತ್ರಿಯೂಟ ಕೈಬಿಟ್ಟದ್ದಕ್ಕೆ ಒಳಗೊಳಗೇ ಸ್ವಲ್ಪ ಸಂಕಟವಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೋಂಬತ್ತಿಯ ಬೆಳಕಿನಲ್ಲಿ ಅಪ್ಪಯ್ಯನ ಫೋಟೋ ತೆಗೆದು ಅಕ್ಕನಿಗೆ ಕಳಿಸುವುದನ್ನು ನಾನಾಗಲೇ ಮನಸ್ಸಿನಲ್ಲಿ ತೆಗೆದು ಕಳಿಸಿಯೂ ಆಗಿತ್ತು.

ಶುಕ್ರವಾರ ಎಲ್ಲರೂ ನೋಡುವುದನ್ನು ನೋಡಿದೆವು. ಐಫೆಲ್ ಗೋಪುರಕ್ಕೆ ಬಣ್ಣ ಬಳಿಯಲು ಎಷ್ಟು ಜನ ಬೇಕಾಗಬಹುದು ಅನ್ನುವುದೊಂದೇ ಅಪ್ಪಯ್ಯನ ಪ್ರಶ್ನೆ. ಶನಿವಾರ ಬೆಳಿಗ್ಗೆ ಆಲಿಗ್ರ್ ಸಂತೆಯಲ್ಲಿ ಒಂದು ಗಂಟೆ ತಿರುಗಿದೆವು. ಏಪ್ರಿಲ್ ಕೊನೆ, ಶತಾವರಿಯ ಕಾಲ. ಬಿಳಿಯ, ಹಸಿರಿನ ದಂಟುಗಳನ್ನು ಕಟ್ಟುಕಟ್ಟಾಗಿ ನಿಲ್ಲಿಸಿದ್ದರು. ಅಪ್ಪಯ್ಯ ಒಂದು ಕಟ್ಟು ಎತ್ತಿ ಬುಡ ಒತ್ತಿ ನೋಡಿದರು. ಅಂಗಡಿಯವನು ಏನೋ ಗದರಿದ, ಇಲ್ಲಿ ತರಕಾರಿ ಮುಟ್ಟುವ ಹಾಗಿಲ್ಲ. “ಮುಟ್ಟದೆ ಹೇಗೆ ತಕೊಳ್ಳೂದು ಮಾರಾಯ?” ಅಂತ ಅಪ್ಪಯ್ಯ ಅವನಿಗೆ ಕನ್ನಡದಲ್ಲೇ ಕೇಳಿದರು.

ಹನ್ನೆರಡೂಕಾಲಕ್ಕೆ ಒಳಗೆ ಹೋದಾಗ ನಾವೇ ಮೊದಲಿಗರು. ಅದೇ ಹುಡುಗಿ ಕಿಟಕಿಯ ಪಕ್ಕ ಕೂರಿಸಿದಳು. ನಾನು ಮಾತ್ರೆ ಕೊಟ್ಟೆ, ಬ್ರೆಡ್ಡು ಬಂತು, ಜಗ್ಗಿನಲ್ಲಿ ನೀರು ಬಂತು. ನೀರಿಗೂ ಬ್ರೆಡ್ಡಿಗೂ ದುಡ್ಡಿಲ್ಲ ಅಂದೆ. ಅದು ಸರಿ ಅಂತ ತಲೆ ಆಡಿಸಿದರು. ಟಿಪ್ಸೂ ಬೆಲೆಯಲ್ಲೇ ಸೇರಿದೆ ಅಂದೆ. ಅದಕ್ಕೆ ಮಾತ್ರ, “ಹಾಗಾದ್ರೆ ಮಾಣಿಗೆ ಸಿಗೂದು ಹೌದಾ?” ಅಂತ ಅನುಮಾನಪಟ್ಟರು.

ಒಳಗಿನಿಂದ ಒಂದು ಗಂಡಸು ದನಿ ಏನೋ ಕೂಗಿತು. ಎರಡು ದನಿಗಳು ಒಟ್ಟಿಗೆ ‘ವಿ ಶೆಫ್’ ಅಂದವು. ಅಪ್ಪಯ್ಯ ತಟ್ಟನೆ ನೆಟ್ಟಗೆ ಕೂತರು. “ಇವ್ರೂ ಕೂಗ್ತಾರಾ!” ಎರಡು ಮಸಾಲೆ, ಒಂದು ಸೆಟ್ ಅಂತ ರಾಗದಲ್ಲಿ ಕೂಗುವ ಸಪ್ಲೈಯರುಗಳ ನಡುವೆ ಬದುಕಿದವರು. ಆಮೇಲೆ ಪ್ರತಿ ಸಲ ಕೂಗು ಕೇಳಿದಾಗಲೂ ಅವರ ಕಿವಿ ಆ ಕಡೆ ತಿರುಗುತ್ತಿತ್ತು. ನಾನು ಹೇಳುತ್ತಿದ್ದುದನ್ನು ಅರ್ಧವೂ ಕೇಳಿಸಿಕೊಳ್ಳಲಿಲ್ಲ.

ಮೊದಲು ಬಟಾಣಿ ಮತ್ತು ಪುದೀನದ್ದೊಂದು ತಣ್ಣನೆಯ ಬಟ್ಟಲು. ಆಮೇಲೆ ಶತಾವರಿ, ಬೆಣ್ಣೆಯಲ್ಲಿ ಹೊರಳಿಸಿದ ಸಣ್ಣ ಆಲೂಗಡ್ಡೆ, ಕೆಳಗೆ ಹಸಿರು ಬೇಳೆ. ರುಚಿಯ ಬಗ್ಗೆ ನಿಜ ಹೇಳುವುದಾದರೆ ಅಪ್ಪಯ್ಯನಿಗೆ ಶತಾವರಿ ಹಿಡಿಸಲಿಲ್ಲ. ಬೇಯಲಿಲ್ಲ ಅಂದರು. ಇಲ್ಲಿ ಅಷ್ಟೇ ಬೇಯಿಸುವುದು ಅಂದರೆ, “ಗಡಿಬಿಡಿಯಲ್ಲಿ ಎಲ್ಲರೂ ಹಾಗೇ ಹೇಳೂದು” ಅಂದರು. ಬೇಳೆ ಪೂರ್ತಿ ತಿಂದರು. ಮಾವಿನಮಿಡಿ ಒಂದಿದ್ದಿದ್ದರೆ ಅಂತ ಗೊಣಗಿದರು.

ಆದರೆ ತಟ್ಟೆ ಟೇಬಲ್ಲಿಗೆ ಬಂದ ಕೂಡಲೇ ಅವರು ಮಾಡಿದ್ದು ಬೇರೆ. ಚಮಚ ಎತ್ತಲಿಲ್ಲ. ತಟ್ಟೆಯ ಅಂಚಿಗೆ ಅಂಗೈ ಇಟ್ಟು ಹಾಗೇ ಕೂತರು.

“ಹೌದಲ್ಲ ಮಾರಾಯ್ತಿ,” ಅಂದರು. “ಬಿಸಿ ಉಂಟು.”

“ಏನು?”

“ತಟ್ಟೆ. ಅಡುಗೆ ಹಾಕೂ ಮೊದ್ಲು ಖಾಲಿ ತಟ್ಟೆಯನ್ನೇ ಬಿಸಿ ಮಾಡಿ ಇಟ್ಕೊಳ್ತಾರೆ ಅಂತ ನಿಮ್ಮಮ್ಮ ಹೇಳಿದ್ಲು. ಆಮ್‌ಸ್ಟರ್‌ಡಾಮಿಂದ ಬಂದವಳು ಒಂದು ತಿಂಗಳು ಅದನ್ನೇ ಹೇಳಿದ್ಲು. ಪ್ರತೀ ಸಲ ಚಮಚ ಬದಲು ಮಾಡ್ತಾರೆ, ಎದ್ದು ಹೋದ್ರೆ ಕೈವಸ್ತ್ರ ಮಡಚಿ ಇಡ್ತಾರೆ. ನಾ ನಂಬ್ಲಿಲ್ಲ. ತಟ್ಟೆ ಬಿಸಿ ಮಾಡ್ಲಿಕ್ಕೆ ಗ್ಯಾಸು ಯಾರಪ್ಪನದ್ದು ಅಂತ ಬೈದಿದ್ದೆ.”

ನನಗೆ ಗಂಟಲು ಕಟ್ಟಿತು. ಕೇಳಬಾರದು ಅಂದುಕೊಂಡರೂ ಬಾಯಿಗೆ ಬಂತು. “ಸೂಪಿನದ್ದೂ ಹೇಳಿದ್ಲಾ?”

“ಕೋಳಿದಾ? ಹೇಳಿದ್ಲು.” ಅಪ್ಪಯ್ಯ ಆಲೂಗಡ್ಡೆಯೊಂದನ್ನು ಎರಡು ಮಾಡುವುದರಲ್ಲಿದ್ದರು. “ಕೈತಪ್ಪು ಅದು. ನಮ್ಮಲ್ಲಿ ಆಗ್ಲಿಲ್ವಾ? ಸಾಗರಕ್ಕೆ ಬಂದ ಎರಡನೇ ವರ್ಷ. ಜೈನರು, ಐದು ಜನ, ಈರುಳ್ಳಿ ಬೇಡ ಅಂತ ಮೂರು ಸಲ ಹೇಳಿ ಕೂತಿದ್ರು. ಮಾಣಿ ಈರುಳ್ಳಿ ಸಾಂಬಾರೇ ಬಡಿಸಿದ. ಅಜ್ಜಿ ಒಬ್ರು ಒಂದು ತುತ್ತು ಉಂಡಾಗಿತ್ತು. ನಾನು ಕೈಮುಗಿದೆ, ದುಡ್ಡು ತಕೊಳ್ಲಿಲ್ಲ. ಅವ್ರು ಏನೂ ಬೈಲಿಲ್ಲ, ಎದ್ದು ಹೋದ್ರು. ಈಗ್ಲೂ ಸಾಂಬಾರಿಗೆ ಈರುಳ್ಳಿ ಹೆಚ್ಚುವಾಗ ಆ ಅಜ್ಜಿ ನೆನಪಾಗ್ತಾರೆ.” ಆಮೇಲೆ, “ಅಲ್ಲಿಯವ ಓಡಿ ಬಂದು ಬಟ್ಟಲು ತೆಗ್ದ ಅಂದ್ಲು ನಿಮ್ಮಮ್ಮ. ಓಡಿ ಬಂದ ಅಲ್ವಾ? ಸುಮ್ನಿದ್ದಿದ್ರೆ ನಿಮ್ಗೆ ಗೊತ್ತೇ ಆಗ್ತಿರ್ಲಿಲ್ಲ.”

ರೆಸ್ಟೋರೆಂಟ್ ಅನ್ನುವ ಪದ ಊಟದ ಜಾಗದ ಹೆಸರಾದದ್ದು ಇದೇ ಊರಿನಲ್ಲಿ, 18ನೇ ಶತಮಾನದಲ್ಲಿ. ಮೊದಲಿಗೆ ಅದು ಜಾಗದ ಹೆಸರಲ್ಲ, ನಿತ್ರಾಣಗೊಂಡವರಿಗೆ ಚೇತರಿಕೆಗೆ ಕೊಡುತ್ತಿದ್ದ ಮಾಂಸದ ಸಾರಿನ ಹೆಸರು. ಅಂದರೆ ಅಮ್ಮನ ಬಾಯಿಗೆ ಹೋದ ಆ ಒಂದು ಚಮಚ ಮೂಲ ರೆಸ್ಟೋರೆಂಟೇ ಆಗಿತ್ತು. ಇದನ್ನು ಅಪ್ಪಯ್ಯನಿಗೆ ಹೇಳಿದೆ. ನಗಲಿಲ್ಲ. ಪಾಯಿಖಾನೆಗೆ ಹೋಗಬೇಕು ಅಂದರು.

ಹುಡುಗಿ ಅವರನ್ನು ಹಿಂಭಾಗಕ್ಕೆ ಕರೆದುಕೊಂಡು ಹೋದಳು. ಐದು ನಿಮಿಷವಾಯಿತು, ಹತ್ತಾಯಿತು. ನಾನು ಎದ್ದು ನೋಡುವುದರೊಳಗೆ ಬಂದರು, ಮುಖ ಅರಳಿತ್ತು. ದಾರಿ ಅಡುಗೆಮನೆಯ ಪಕ್ಕದಿಂದಲೇ. “ಮೂರೇ ಜನ. ಇಷ್ಟೆಲ್ಲ ಮೂರು ಜನ ಮಾಡೂದು. ಮತ್ತೆ ನೆಲ,” ಅಂದು ದನಿ ತಗ್ಗಿಸಿ ನನ್ನ ಕಡೆ ಬಾಗಿದರು. “ನೆಲ ಒಣ ಇತ್ತು.” ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ. ನಾನು ಹೇಳಿದ್ದ ಬೇಡಗಳ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ ಒಂದು ಚೀಟಿಯಲ್ಲಿ ಅಂಟಿಸಿದ್ದರಂತೆ. ಓದಲಿಕ್ಕೆ ಬರದಿದ್ದರೂ ಅದು ನಮ್ಮದೇ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ಗಾರಿಗೆತ್ ಅನ್ನುವ ಜಾತಿಯ ಸ್ಟ್ರಾಬೆರಿ ಕೆನೆಯ ಜೊತೆ ಬಂತು. ನಾಲ್ಕು ಹಣ್ಣು ತಿಂದು ಸಕ್ಕರೆಯ ನೆಪದಲ್ಲಿ ಉಳಿದದ್ದನ್ನು ನನ್ನ ಕಡೆ ದೂಡಿದರು. ಖಾಲಿಯಾದ ತಟ್ಟೆಗಳನ್ನು ದೊಡ್ಡದರ ಮೇಲೆ ಸಣ್ಣದಾಗಿ ಜೋಡಿಸಿ, ಚಮಚಗಳನ್ನು ಒಂದೇ ದಿಕ್ಕಿಗೆ ಇಟ್ಟು, ಹುಡುಗಿ ಬರುವ ಕಡೆಯ ಅಂಚಿಗೆ ಸರಿಸಿದರು. ಇಂಥ ಕಡೆ ಹಾಗೆಲ್ಲ ಮಾಡಬಾರದು ಅಂತ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಹುಡುಗಿ ಬಂದು ಒಂದೇ ಕೈಯಲ್ಲಿ ಅಷ್ಟನ್ನೂ ಎತ್ತಿ ಅಪ್ಪಯ್ಯನನ್ನು ಒಂದು ಕ್ಷಣ ನೋಡಿದಳು.

ಕಾಫಿ ಕೊನೆಗೆ ಬರುತ್ತದೆ ಇಲ್ಲಿ, ಎಲ್ಲ ಮುಗಿದ ಮೇಲೆ, ಔಷಧಿಯ ಅಳತೆಯ ಕಪ್ಪಿನಲ್ಲಿ, ಕರಿಯದ್ದು. ಅಪ್ಪಯ್ಯ ಅದನ್ನು ಮೂಸಿ, “ಡಿಕಾಕ್ಷನ್ ಒಳ್ಳೆ ಉಂಟು, ಹಾಲು ಕೇಳು” ಅಂದರು. ಸಣ್ಣ ಗಿಂಡಿಯಲ್ಲಿ ಬಿಸಿ ಹಾಲು ಬಂತು. ಇನ್ನೊಂದು ಖಾಲಿ ಕಪ್ಪು ಕೇಳು ಅಂದರು. ಅದೂ ಬಂತು. ಒಂದಕ್ಕೆ ಹಾಲು ಬೆರೆಸಿ, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಎರಡು ಸಲ ಎತ್ತಿ ಹೊಯ್ದು, ಒಂದು ಹನಿ ಮೇಜುಬಟ್ಟೆಗೆ ಬೀಳದ ಹಾಗೆ ಸಮ ಮಾಡಿ, ಒಂದನ್ನು ನನ್ನ ಮುಂದಿಟ್ಟರು.